ವೈದ್ಯಕೀಯ ಬರಹದಲ್ಲಿ ‘ಎರಡು’: ದ್ವಿ, ಇಮ್ಮಡಿ, ಎರಡೂ, ಬೈ, ಡೈಗಳ ನಡುವೆ ಆಯ್ಕೆ ಹೇಗೆ?

ದಾವಣಗೆರೆ ಮತ್ತು ಚಿತ್ರದುರ್ಗದ ವೈದ್ಯಕೀಯ, ದಂತವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಿಗೆ ಜಗಳೂರು, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ಮಕ್ಕಳು ಬರುತ್ತಾರೆ. ಅವರಿಗಾಗಿ ಕನ್ನಡ ಟಿಪ್ಪಣಿ ಸಿದ್ಧಪಡಿಸುವ ಅಧ್ಯಾಪಕರು, ರೋಗಿಗಳಿಗೆ ಕರಪತ್ರ ಬರೆಯುವವರು, ಆಶಾ ಕಾರ್ಯಕರ್ತೆಯರ ತರಬೇತಿಗೆ ಪಾಠ ಬರೆಯುವವರು ಎಲ್ಲರೂ ಒಂದೇ ಕಡೆ ತಡೆಯುತ್ತಾರೆ. ಲ್ಯಾಟಿನ್ ಮೂಲದ ‘ಬೈ’ ಮತ್ತು ಗ್ರೀಕ್ ಮೂಲದ ‘ಡೈ’ ಎಂಬ ಪೂರ್ವಪ್ರತ್ಯಯಗಳಿಂದ ಆರಂಭವಾಗುವ ಶಬ್ದ ಎದುರಾದಾಗ ಅದನ್ನು ಹಾಗೆಯೇ ಉಳಿಸಬೇಕೆ, ‘ದ್ವಿ’ ಎಂದು ಬದಲಾಯಿಸಬೇಕೆ, ‘ಇಮ್ಮಡಿ’, ‘ಇಬ್ಬದಿ’ಗಳಂಥ ಅಚ್ಚಗನ್ನಡದ ರೂಪ ಹುಡುಕಬೇಕೆ, ಅಥವಾ ಸಮಾಸವನ್ನೇ ಬಿಟ್ಟು ಬಿಡಿಸಿ ಹೇಳಬೇಕೆ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೂಲದಲ್ಲಿ ಯಾವ ಪ್ರತ್ಯಯ ಇದೆ ಎಂಬುದನ್ನು ನೋಡಿ ಆರಿಸಬಾರದು. ಆ ಶಬ್ದದಲ್ಲಿ ‘ಎರಡು’ ಎಂಬುದು ಏನನ್ನು ಎಣಿಸುತ್ತಿದೆ ಎಂದು ನೋಡಿ ಆರಿಸಬೇಕು. ಒಂದೇ ವಸ್ತುವಿನ ಎರಡು ಭಾಗಗಳನ್ನೋ, ಎಡಬಲ ಎರಡೂ ಕಡೆಗಳನ್ನೋ, ಎರಡು ಸಲವನ್ನೋ, ಎರಡರಷ್ಟು ಪ್ರಮಾಣವನ್ನೋ, ಅಣುವಿನೊಳಗಿನ ಎರಡು ಘಟಕಗಳನ್ನೋ ಎಂಬುದು ತಿಳಿದರೆ ಆಯ್ಕೆ ಹೆಚ್ಚುಪಾಲು ಆಗಿಹೋದಂತೆ.

ಮೊದಲು ನೋಡಬೇಕಾದ್ದು: ಅದು ನಿಜವಾಗಿ ಎರಡೇ?

‘ಡೈ’, ‘ಡಿ’, ‘ಬಿ’ ಎಂದು ಕಂಡದ್ದೆಲ್ಲ ಎರಡಲ್ಲ. ಡಯಾಬಿಟಿಸ್, ಡಯಾಲಿಸಿಸ್, ಡಯಾಫ್ರಮ್, ಡಯಾರಿಯಾ ಇವುಗಳಲ್ಲಿರುವುದು ಗ್ರೀಕಿನ ‘ಡಯಾ’. ಅದರ ಅರ್ಥ ‘ಮೂಲಕ’, ‘ಹಾಯ್ದು’ ಎಂದು. ಮೂತ್ರ ಹೆಚ್ಚಿಸುವ ಔಷಧಿಗೆ ಇರುವ ‘ಡೈಯುರೆಟಿಕ್’ ಎಂಬ ಹೆಸರೂ ಇದೇ ‘ಡಯಾ’ದಿಂದ ಬಂದದ್ದು, ಸ್ವರದ ಮುಂದೆ ಕೊನೆಯ ಅಕ್ಷರ ಬಿದ್ದುಹೋಗಿದೆ ಅಷ್ಟೆ. ಡಿಸೆಂಟ್ರಿಯಲ್ಲಿರುವ ‘ಡಿಸ್’ ಎಂದರೆ ಕೆಟ್ಟ, ತೊಂದರೆಯ ಎಂದರ್ಥ. ಗಂಟಲಮಾರಿಗೆ ಡಿಫ್ತೀರಿಯಾ ಎಂಬ ಹೆಸರು ಬಂದದ್ದು ತೊಗಲು ಎಂಬ ಅರ್ಥದ ಗ್ರೀಕ್ ಶಬ್ದದಿಂದ, ಏಕೆಂದರೆ ಆ ರೋಗದಲ್ಲಿ ಗಂಟಲಿನೊಳಗೆ ತೊಗಲಿನಂಥ ಪೊರೆ ಕಟ್ಟುತ್ತದೆ. ಕಾಮಾಲೆಯ ರಕ್ತಪರೀಕ್ಷೆಯಲ್ಲಿ ಬರುವ ಬಿಲಿರುಬಿನ್ ಎಂಬುದು ಪಿತ್ತ ಮತ್ತು ಕೆಂಪು ಎಂಬ ಎರಡು ಲ್ಯಾಟಿನ್ ಶಬ್ದಗಳ ಕೂಡಿಕೆ. ಬಯಾಪ್ಸಿ, ಆಂಟಿಬಯಾಟಿಕ್‌ಗಳಲ್ಲಿ ಇರುವುದು ಜೀವ ಎಂಬ ಅರ್ಥದ ‘ಬಯೋ’. ಈ ವಿಷಯದಲ್ಲಿ ನಮ್ಮ ಲಿಪಿ ಒಂದು ಉಪಕಾರ ಮಾಡುತ್ತದೆ: ಉಚ್ಚಾರಣೆಯಂತೆ ಬರೆದಾಗ ‘ಡಯಾ’ ಮತ್ತು ‘ಡೈ’, ‘ಬಯೋ’ ಮತ್ತು ‘ಬೈ’ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಕಾಣುತ್ತವೆ. ಡೈಯುರೆಟಿಕ್ ಮತ್ತು ಡಯೋಡ್‌ಗಳಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಮೊದಲನೆಯದು ಎರಡಲ್ಲ, ಎರಡನೆಯದು ಹೌದು.

‘ದ್ವಿ’: ಹೆಸರಿಡುವುದಕ್ಕೆ ಒಳ್ಳೆಯದು, ವಿವರಿಸುವುದಕ್ಕೆ ಅಷ್ಟಿಲ್ಲ

ಸಂಸ್ಕೃತದ ದ್ವಿ, ಗ್ರೀಕಿನ ಡೈ, ಲ್ಯಾಟಿನ್ನಿನ ಬೈ ಮೂರೂ ಒಂದೇ ಮೂಲದಿಂದ ಕವಲೊಡೆದವು. ಆದ್ದರಿಂದ ಪಾರಿಭಾಷಿಕ ಸಮಾಸಗಳಲ್ಲಿ ದ್ವಿ ಸಲೀಸಾಗಿ ಕೂರುತ್ತದೆ. ದ್ವಿಚಕ್ರ ವಾಹನ, ದ್ವಿತೀಯ ಪಿಯುಸಿ ಎಂದು ಎಲ್ಲರೂ ಆಡುವುದರಿಂದ ಅದು ಯಾರಿಗೂ ಅಪರಿಚಿತವೂ ಅಲ್ಲ. ಕಾರ್ಲ್ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಕ್ರಮವಾಗಿ ಬಳಸಿದ, ಜಾತಿ ಮತ್ತು ಪ್ರಭೇದ ಎಂಬ ಎರಡು ಪದಗಳಿಂದ ಹೆಸರಿಡುವ ರೀತಿಗೆ ‘ದ್ವಿನಾಮ ಪದ್ಧತಿ’ ಎಂಬುದಕ್ಕಿಂತ ಚೊಕ್ಕದಾದ ಹೆಸರು ಸಿಗುವುದು ಕಷ್ಟ. ಅಕ್ಷಿಪಟಲದಲ್ಲಿ ಎರಡು ಎಳೆಗಳುಳ್ಳ ನರಕೋಶವನ್ನು ‘ದ್ವಿಧ್ರುವ ನರಕೋಶ’ ಎಂದರೂ ತೊಡಕಿಲ್ಲ, ಏಕೆಂದರೆ ಅದನ್ನು ಓದುವವರು ಆ ವಿಷಯದ ವಿದ್ಯಾರ್ಥಿಗಳೇ.

ತೊಡಕು ಶುರುವಾಗುವುದು ಒಂದೇ ದ್ವಿ-ಶಬ್ದ ಎರಡು ಮೂರು ಕಡೆ ದುಡಿಯಬೇಕಾಗಿ ಬಂದಾಗ. ‘ದ್ವಿದಳ’ ಇದಕ್ಕೆ ನಮ್ಮ ಸೀಮೆಯ ತಕ್ಕ ಉದಾಹರಣೆ. ಚಳ್ಳಕೆರೆಯ ರೈತನಿಗೆ ದ್ವಿದಳ ಎಂದರೆ ತೊಗರಿ, ಕಡಲೆ, ಹೆಸರು, ಅಲಸಂದೆ. ಅಂದರೆ ಬೇಳೆಯಾಗುವ ಕಾಳು. ಸಸ್ಯಶಾಸ್ತ್ರದಲ್ಲಿ ದ್ವಿದಳ ಸಸ್ಯ ಎಂದರೆ ಬೀಜದಲ್ಲಿ ಎರಡು ದಳಗಳುಳ್ಳ ಎಲ್ಲ ಸಸ್ಯಗಳೂ ಹೌದು. ಹತ್ತಿ, ಸೂರ್ಯಕಾಂತಿ, ಮೆಣಸಿನಕಾಯಿ, ಹೊಲದ ಅಗಲ ಎಲೆಯ ಕಳೆಗಳು ಎಲ್ಲವೂ ಅದರೊಳಗೆ ಬರುತ್ತವೆ. ದಾವಣಗೆರೆ ಜಿಲ್ಲೆಯ ತುಂಬ ಬೆಳೆಯುವ ಮೆಕ್ಕೆಜೋಳ ಏಕದಳ. ಮೆಕ್ಕೆಜೋಳದ ಹೊಲಕ್ಕೆ ಹೊಡೆಯುವ 2,4-ಡಿ ಎಂಬ ಕಳೆನಾಶಕ ಏಕದಳ ಬೆಳೆಯನ್ನು ಬಿಟ್ಟು ದ್ವಿದಳ ಕಳೆಗಳನ್ನು ಕೊಲ್ಲುತ್ತದೆ. ಆ ಹೆಸರಿನ ಕೊನೆಯ ‘ಡಿ’ಯಲ್ಲೂ ಅಣುವಿನಲ್ಲಿ ಎರಡು ಕ್ಲೋರಿನ್ ಪರಮಾಣುಗಳಿವೆ ಎಂದು ಸಾರುವ ‘ಡೈಕ್ಲೋರೋ’ ಅಡಗಿದೆ. ಮಾಹಿತಿ ಪತ್ರದಲ್ಲಿ ‘ದ್ವಿದಳ ಸಸ್ಯಗಳಿಗೆ ಹಾನಿಕರ’ ಎಂದಷ್ಟೇ ಬರೆದರೆ ಓದಿದ ರೈತ ಅಕ್ಕಡಿಯ ತೊಗರಿಯನ್ನೇನೋ ಉಳಿಸಿಕೊಳ್ಳಬಹುದು; ಆದರೆ ಗಾಳಿಗೆ ತೇಲಿದ ಹನಿ ಪಕ್ಕದ ಹತ್ತಿ ಹೊಲಕ್ಕೆ ಬಿದ್ದರೂ ಅಪಾಯ ಎಂಬುದು ಅವನಿಗೆ ಹೊಳೆಯುವುದಿಲ್ಲ. ಹತ್ತಿಯಾದರೋ 2,4-ಡಿಗೆ ಅತಿ ಸೂಕ್ಷ್ಮವಾದ ಬೆಳೆ. ಇಲ್ಲಿ ‘ಅಗಲ ಎಲೆಯ ಕಳೆ’ ಎಂಬ ಹೊಲದ ಮಾತೇ ದ್ವಿದಳಕ್ಕಿಂತ ಮೇಲು, ಜೊತೆಗೆ ಅಪಾಯವಿರುವ ಬೆಳೆಗಳ ಹೆಸರನ್ನು ಬಿಡಿಯಾಗಿ ಬರೆಯಬೇಕು. ತರಗತಿಯ ಟಿಪ್ಪಣಿಯಲ್ಲಿ ಮಾತ್ರ ದ್ವಿದಳ, ಏಕದಳ ಎಂಬ ಜೋಡಿಯನ್ನು ಉಳಿಸಿಕೊಳ್ಳಬಹುದು.

ಇದೇ ‘ದ್ವಿದಳ’ ಹೃದಯದ ಪಾಠದಲ್ಲಿ ಮತ್ತೆ ಬರುತ್ತದೆ, ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ ಇರುವ ಮೈಟ್ರಲ್ ಕವಾಟಕ್ಕೆ ಸಹಜವಾಗಿಯೇ ಎರಡು ದಳಗಳು. ಅದನ್ನು ಪಠ್ಯಗಳು ದ್ವಿದಳ ಕವಾಟ ಎನ್ನುತ್ತವೆ. ಹೃದಯದಿಂದ ಮಹಾಪಧಮನಿ ಹೊರಡುವಲ್ಲಿರುವ ಕವಾಟಕ್ಕೆ ಸಹಜವಾಗಿ ಮೂರು ದಳಗಳಿರುತ್ತವೆ. ಆದರೆ ನೂರರಲ್ಲಿ ಒಬ್ಬರು ಅಥವಾ ಇಬ್ಬರಿಗೆ ಹುಟ್ಟಿನಿಂದಲೇ ಅಲ್ಲಿ ಎರಡು ದಳಗಳಿರುತ್ತವೆ. ಅಂಥವರಲ್ಲಿ ಕವಾಟ ಉಳಿದವರಿಗಿಂತ ಬೇಗ ಗಡುಸಾಗಿ ಕಿರಿದಾಗಬಹುದು ಅಥವಾ ಸೋರಬಹುದು. ಅದು ಮನೆತನದಲ್ಲಿ ಹರಿದುಬರುವ ಸಾಧ್ಯತೆ ಇರುವುದರಿಂದ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೂ ಎಕೋ ಪರೀಕ್ಷೆ ಮಾಡಿಸಿಕೊಳ್ಳಲು ವೈದ್ಯರು ಹೇಳುತ್ತಾರೆ. ಹೀಗೆ ಇಲ್ಲಿ ‘ದ್ವಿದಳ’ ಎಂದು ಕನ್ನಡಿಸುವ, ‘ಎರಡು ಮೊನೆಯ’ ಎಂಬ ಅರ್ಥದ ‘ಬೈಕಸ್ಪಿಡ್’ ಎಂಬ ಒಂದೇ ಶಬ್ದ ಒಂದು ಕವಾಟದಲ್ಲಿ ಸಹಜ ಸ್ಥಿತಿಯನ್ನು, ಇನ್ನೊಂದರಲ್ಲಿ ಹುಟ್ಟು ದೋಷವನ್ನು ಹೇಳುತ್ತದೆ. ಎರಡನ್ನೂ ‘ದ್ವಿದಳ ಕವಾಟ’ ಎಂದು ಬರೆದರೆ, ಶಾಲೆಯ ಪುಸ್ತಕದಲ್ಲಿ ಎಲ್ಲರಿಗೂ ದ್ವಿದಳ ಕವಾಟ ಇರುತ್ತದೆ ಎಂದು ಓದಿದ ಮಗ ಅಪ್ಪನ ಎಕೋ ವರದಿಯನ್ನು ನೋಡಿ ಸುಮ್ಮನಾಗಬಹುದು.

ಕನ್ನಡದಲ್ಲಿ ಇದಕ್ಕೆ ಪರಿಹಾರ ಸಮಾಸದಲ್ಲಿಲ್ಲ, ಒಂದು ಸಣ್ಣ ಅವಧಾರಣೆಯಲ್ಲಿ, ಅಂದರೆ ಒತ್ತಿ ಹೇಳುವುದರಲ್ಲಿ ಇದೆ. ‘ಮೈಟ್ರಲ್ ಕವಾಟಕ್ಕೆ ಎರಡು ದಳಗಳು’ ಎಂದೂ ‘ಮೂರು ದಳಗಳಿರಬೇಕಾದ ಮಹಾಪಧಮನಿ ಕವಾಟದಲ್ಲಿ ಎರಡೇ ದಳಗಳಿವೆ’ ಎಂದೂ ಬರೆದರೆ, ಆ ಏಕಾರವೇ ಕೊರತೆಯನ್ನು ಹೇಳಿಬಿಡುತ್ತದೆ. ಯಾವ ಪೂರ್ವಪ್ರತ್ಯಯಕ್ಕೂ ಈ ಕೆಲಸ ಮಾಡಲಾಗದು. ದಂತವೈದ್ಯರು ಬೈಕಸ್ಪಿಡ್ ಎನ್ನುವುದು ಕೋರೆಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಹಲ್ಲುಗಳಿಗೆ. ವಯಸ್ಕರಲ್ಲಿ ಅವು ಎಂಟು. ಅಲ್ಲಿ ‘ದ್ವಿಮೊನೆ’ ಎಂದು ಹೊಸ ಶಬ್ದ ಕಟ್ಟುವ ಅಗತ್ಯವೇ ಇಲ್ಲ, ಕಟ್ಟಿದರೂ ಸರಿಹೊಂದದು, ಏಕೆಂದರೆ ಕೆಳದವಡೆಯ ಎರಡನೆಯ ಅಂಥ ಹಲ್ಲಿಗೆ ಎಷ್ಟೋ ಜನರಲ್ಲಿ ಮೂರು ಮೊನೆಗಳಿರುತ್ತವೆ.

‘ಎರಡೂ’: ಎಡಬಲದ ಮಾತು ಬಂದಾಗ

‘ಬೈಲ್ಯಾಟರಲ್’ ಎಂಬ ಶಬ್ದ ಎಕ್ಸ್‌ರೇ, ಸ್ಕ್ಯಾನಿಂಗ್ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದಕ್ಕೆ ಎದುರಾಗುವ ಆಯ್ಕೆಗಳು ದ್ವಿಪಕ್ಷೀಯ, ದ್ವಿಪಾರ್ಶ್ವ, ಉಭಯಪಾರ್ಶ್ವ, ಇಬ್ಬದಿ ಮತ್ತು ‘ಎರಡೂ ಕಡೆ’. ದ್ವಿಪಕ್ಷೀಯ ಎಂಬುದು ಎರಡು ದೇಶಗಳ ಮಾತುಕತೆಗೆ ಪತ್ರಿಕೆಗಳು ಬಳಸುವ ಶಬ್ದ. ಯಂತ್ರಾನುವಾದವನ್ನು ತಿದ್ದದೆ ಬಿಟ್ಟರೆ ‘ದ್ವಿಪಕ್ಷೀಯ ನ್ಯುಮೋನಿಯಾ’ ಎಂಬಂಥ ಪ್ರಯೋಗ ಹುಟ್ಟುತ್ತದೆ, ಅದನ್ನು ಕೈಬಿಡಲೇಬೇಕು. ದ್ವಿಪಾರ್ಶ್ವ, ಉಭಯಪಾರ್ಶ್ವಗಳು ವ್ಯಾಕರಣದಿಂದ ಶುದ್ಧವಾದರೂ ರೋಗಿಯ ಮನೆಯವರು ‘ಪಾರ್ಶ್ವ’ ಎಂಬುದನ್ನು ಕೇಳಿರುವುದು ಪಾರ್ಶ್ವವಾಯುವಿನಲ್ಲಿ. ಆಸ್ಪತ್ರೆಯಲ್ಲಿ ಕುಳಿತವರಿಗೆ ಆ ಭಯವನ್ನು ಕೊಡುವ ಅಗತ್ಯವಿಲ್ಲ. ‘ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಇದೆ’, ‘ಎರಡೂ ಮೂತ್ರಪಿಂಡಗಳಲ್ಲಿ ಕಲ್ಲುಗಳಿವೆ’ ಎಂಬಲ್ಲಿ ಊಕಾರ ಒಂದೇ ಸಾಕು.

ಎಡಬಲಗಳ ಸಮಾನತೆಯೇ ರೋಗಲಕ್ಷಣವಾಗಿರುವಲ್ಲಿ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5ರವರೆಗೆ ಸೈರಿಸಬಹುದು. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಸೇವಿಸಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಗಳು ಏಳುತ್ತವೆ. ಒಟ್ಟಿಗೆ ರೂಪುಗೊಳ್ಳುವ ಎಡದ ಮತ್ತು ಬಲದ ಹಲ್ಲುಗಳೆರಡಕ್ಕೂ ಒಂದೇ ಕಾಲದಲ್ಲಿ ಪೆಟ್ಟು ಬೀಳುವುದರಿಂದ ಕಲೆಗಳು ಎರಡೂ ಕಡೆ ಸುಮಾರಾಗಿ ಒಂದೇ ಬಗೆಯಲ್ಲಿರುತ್ತವೆ. ಒಂದೇ ಹಲ್ಲಿಗೆ ಕಲೆ ಇದ್ದರೆ ಹಾಲುಹಲ್ಲಿಗೆ ಬಿದ್ದ ಏಟಿನಂಥ ಬೇರೆ ಕಾರಣವನ್ನು ಹುಡುಕಬೇಕಾಗುತ್ತದೆ. ಇಲ್ಲಿ ‘ಉಭಯಪಾರ್ಶ್ವ ಸಮಮಿತಿ’ ಎಂದು ಬರೆದರೆ ಶಾಲಾ ತಪಾಸಣೆಗೆ ಹೋದ ಆರೋಗ್ಯ ಕಾರ್ಯಕರ್ತೆಗೆ ಏನನ್ನು ನೋಡಬೇಕೆಂದೇ ತಿಳಿಯದು. ‘ಎಡಬಲ ಎರಡೂ ಕಡೆಯ ಅದೇ ಹಲ್ಲುಗಳಲ್ಲಿ ಒಂದೇ ಬಗೆಯ ಕಲೆ ಇದೆಯೇ ನೋಡಿ’ ಎಂದು ಬರೆದರೆ ಅವಳ ಕೆಲಸ ಸಲೀಸು.

‘ಇಮ್ಮಡಿ’ ಮತ್ತು ಅದರ ಬಳಗ

ಹಳಗನ್ನಡದ ‘ಇರ್’ ಎಂಬ ರೂಪ ಮುಂದಿನ ವ್ಯಂಜನಕ್ಕೆ ಹೊಂದಿಕೊಂಡು ಇಮ್ಮಡಿ, ಇಬ್ಬದಿ, ಇಬ್ಬಗೆ, ಇಕ್ಕೆಲ, ಇಬ್ಭಾಗ ಎಂದಾಗಿದೆ. ಇವು ಕೇಳಲು ಸೊಗಸು. ‘ನಾಳದ ಇಕ್ಕೆಲಗಳಲ್ಲಿ’, ‘ಇಬ್ಬಗೆಯ ಪರಿಣಾಮ’ ಎಂಬಂಥ ಪ್ರಯೋಗಗಳನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಒಂದು ನಾಳ ಎರಡಾಗುವುದನ್ನು ಹೇಳುವ ‘ಬೈಫರ್ಕೇಶನ್’ಗಂತೂ ‘ದ್ವಿಶಾಖನ’ ಎಂಬ ಕಷ್ಟದ ಶಬ್ದ ಬೇಡವೇ ಬೇಡ. ಶ್ವಾಸನಾಳ ಎದೆಯೊಳಗೆ ಕವಲೊಡೆಯುತ್ತದೆ ಎಂದರೆ ಮುಗಿಯಿತು.

ಆದರೆ ಔಷಧಿಯ ಪ್ರಮಾಣ ಹೇಳುವಲ್ಲಿ ‘ಇಮ್ಮಡಿ’ಯನ್ನು ಬಳಸಬಾರದು ಎಂಬುದು ನನ್ನ ದೃಢವಾದ ನಿಲುವು. ಇಮ್ಮಡಿ ಪುಲಿಕೇಶಿ ಎಂದರೆ ಎರಡನೆಯ ಪುಲಿಕೇಶಿ. ಇಮ್ಮಡಿ ಇಳುವರಿ ಎಂದರೆ ಎರಡರಷ್ಟು ಇಳುವರಿ. ‘ಇಮ್ಮಡಿ ಡೋಸ್’ ಎಂದು ಬರೆದರೆ ಎರಡನೆಯ ಡೋಸೋ, ಒಂದೇ ಸಲಕ್ಕೆ ಎರಡರಷ್ಟೋ ಎಂಬ ಸಂದೇಹಕ್ಕೆ ಎಡೆಯಾಗುತ್ತದೆ. ಲಸಿಕೆಯ ವಿಷಯದಲ್ಲಿ ‘ಎರಡನೆಯ ಡೋಸ್’, ಪ್ರಮಾಣ ಹೆಚ್ಚಿಸುವ ವಿಷಯದಲ್ಲಿ ‘500 ಮಿಲಿಗ್ರಾಂ ಬದಲು 1000 ಮಿಲಿಗ್ರಾಂ’ ಎಂದು ಅಂಕಿಯಲ್ಲೇ ಬರೆಯಬೇಕು. ವೈದ್ಯರ ಚೀಟಿಯಲ್ಲಿ ಬರುವ ‘ಬಿ.ಡಿ.’ ಎಂಬ ಸಂಕ್ಷೇಪವೂ ಇಂಥದೇ. ಅದು ‘ದಿನಕ್ಕೆ ಎರಡು ಸಲ’ ಎಂಬ ಅರ್ಥದ ಲ್ಯಾಟಿನ್ ನುಡಿಗಟ್ಟಿನ ಮೊದಲಕ್ಷರಗಳು. ಅದನ್ನು ‘ದಿನಕ್ಕೆ ಎರಡು’ ಎಂದಷ್ಟೇ ಕನ್ನಡಿಸಿದರೆ, ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗುವವರಿದ್ದಾರೆ. ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂಬುದೂ, ಔಷಧಿ ಅಂಗಡಿಯವರು ಪಟ್ಟಿಯ ಮೇಲೆ ಬರೆದುಕೊಡುವ 1-0-1 ಎಂಬುದೂ ಸುರಕ್ಷಿತ. ಮಕ್ಕಳ ಸಿರಪ್‌ಗಾದರೆ ಪ್ರತಿ ಸಲದ ಮಿಲಿಲೀಟರ್ ಲೆಕ್ಕವನ್ನು ಅದರ ಪಕ್ಕದಲ್ಲೇ ಕೊಡಬೇಕು.

‘ಡೈ’ಯನ್ನು ಹಾಗೆಯೇ ಉಳಿಸಬೇಕಾದ ಜಾಗ

ರಸಾಯನಶಾಸ್ತ್ರದಲ್ಲಿ ‘ಡೈ’ ಎಂಬುದು ಅಣುವಿನ ಲೆಕ್ಕದ ಭಾಗ. ಮಾನೋ, ಡೈ, ಟ್ರೈ, ಟೆಟ್ರಾ ಎಂಬ ಸರಣಿಯಿಂದ ಅದೊಂದನ್ನೇ ಕಿತ್ತು ದ್ವಿ ಎಂದು ಮಾಡಿದರೆ ಸರಣಿ ಮುರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ನಾವು ಪ್ರತಿ ಉಸಿರಿಗೂ ಹೊರಬಿಡುವ ಅನಿಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರನ್ನು ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್, ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಈ ಹೆಸರುಗಳಲ್ಲಿ ಒಂದಕ್ಷರವೂ ಸಡಿಲವಾಗಬಾರದು. ಗೊಬ್ಬರದ ಅಂಗಡಿಯಲ್ಲೂ ಹೀಗೆಯೇ. ಡಿಎಪಿ ಎಂದರೆ ಡೈಅಮೋನಿಯಂ ಫಾಸ್ಫೇಟ್, ಒಂದು ಫಾಸ್ಫೇಟಿಗೆ ಎರಡು ಅಮೋನಿಯಂ, ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಲೆಕ್ಕ 18-46-0. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಹನಿ ನೀರಾವರಿಯೊಂದಿಗೆ ಬಿಡಬಹುದಾದ 12-61-0 ಮಾನೋಅಮೋನಿಯಂ ಫಾಸ್ಫೇಟ್. ಡಿಎಪಿಯ ದ್ರಾವಣ ಕ್ಷಾರೀಯ, ಇನ್ನೊಂದರದು ಆಮ್ಲೀಯ. ಎರಡರ ನಡುವಿನ ಆಯ್ಕೆ ಈ ಒಂದಂಶವನ್ನೂ ಅವಲಂಬಿಸಿರುವಾಗ ‘ದ್ವಿಅಮೋನಿಯಂ’ ಎಂದು ಬರೆದು ಯಾರಿಗೆ ಏನು ಪ್ರಯೋಜನ?

ಜೀವರಸಾಯನ ಓದುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಅಡಿನೋಸಿನ್ ಡೈಫಾಸ್ಫೇಟಿನಲ್ಲಿ ಎರಡು ಫಾಸ್ಫೇಟುಗಳು ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಫ್ರಕ್ಟೋಸ್ 1,6-ಬಿಸ್‌ಫಾಸ್ಫೇಟಿನಲ್ಲಿ ಅವು ಸಕ್ಕರೆಯ ಅಣುವಿನ ಎರಡು ತುದಿಗಳಲ್ಲಿ ಬೇರೆಬೇರೆಯಾಗಿ ಕೂತಿರುತ್ತವೆ. ಡೈ ಮತ್ತು ಬಿಸ್ ಎರಡಕ್ಕೂ ದ್ವಿ ಎಂದರೆ ಈ ಭೇದ ಅಳಿಸಿಹೋಗುತ್ತದೆ. ವಿದ್ಯಾರ್ಥಿ ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲೂ ಈ ಎರಡು ಹೆಸರುಗಳು ಇದ್ದಂತೆಯೇ ಇರಲಿ.

ಬೈಕಾರ್ಬೊನೇಟ್ ಮಾತ್ರ ಇದೇ ಗುಂಪಿನೊಳಗಿನ ಅಪವಾದ. ಮಿರ್ಚಿಯ ಹಿಟ್ಟಿಗೆ ಚಿಟಿಕೆ ಹಾಕುವ ಅಡುಗೆ ಸೋಡಾದ ಅಣುಸೂತ್ರದಲ್ಲಿ ಎರಡು ಕಾರ್ಬೊನೇಟುಗಳೇನೂ ಇಲ್ಲ. ಒಂದು ಸೋಡಿಯಂ, ಒಂದು ಜಲಜನಕ, ಒಂದು ಕಾರ್ಬೊನೇಟ್, ಅಷ್ಟೆ. ಬಟ್ಟೆ ಒಗೆಯುವ ಸೋಡಾದಲ್ಲಿ ಎರಡು ಸೋಡಿಯಂಗೆ ಒಂದು ಕಾರ್ಬೊನೇಟ್ ಇದೆ. ಅದಕ್ಕೆ ಹೋಲಿಸಿ ಪ್ರತಿ ಸೋಡಿಯಂಗೆ ಎರಡರಷ್ಟು ಕಾರ್ಬೊನೇಟ್ ಇದೆ ಎಂಬ ಹಳೆಯ ಲೆಕ್ಕದಿಂದ ಆ ಹೆಸರು ಉಳಿದುಬಂದಿದೆ. ಇಂದಿನ ರಸಾಯನಶಾಸ್ತ್ರದ ಹೆಸರು ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್. ಆಸ್ಪತ್ರೆಯ ಭಾಷೆಯಲ್ಲಿ ಬೈಕಾರ್ಬೊನೇಟ್ ಭದ್ರವಾಗಿ ನೆಲೆಯೂರಿದೆ, ಮೂತ್ರಪಿಂಡದ ರೋಗಿಗಳ ರಕ್ತಪರೀಕ್ಷೆಯಲ್ಲಿ ಆ ಹೆಸರೇ ಇರುತ್ತದೆ. ಆದ್ದರಿಂದ ರೋಗಿಗೆ ಬರೆಯುವಾಗ ಬೈಕಾರ್ಬೊನೇಟ್ ಎಂದೇ ಬರೆಯಬೇಕು, ಪಾಠದಲ್ಲಿ ಎರಡು ಹೆಸರುಗಳನ್ನೂ ಕೊಡಬೇಕು, ‘ದ್ವಿಕಾರ್ಬೊನೇಟ್’ ಎಂದು ಎಲ್ಲಿಯೂ ಬರೆಯಬಾರದು.

ಮನಸ್ಸು ಮತ್ತು ಕಣ್ಣು

‘ಬೈಪೋಲಾರ್’ ಕಾಯಿಲೆಗೆ ‘ದ್ವಿಧ್ರುವ ವ್ಯಾಧಿ’ ಎಂದರೆ ಭೂಗೋಳದ ಪಾಠ ನೆನಪಾಗುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಒಬ್ಬರೊಳಗೆ ಎರಡು ವ್ಯಕ್ತಿತ್ವಗಳಿವೆ ಎಂಬ ತಪ್ಪು ನಂಬಿಕೆಗೆ ಅದು ಇಂಬುಕೊಡುತ್ತದೆ. ಅಮೆರಿಕದ ಮನೋವೈದ್ಯರ ವರ್ಗೀಕರಣದಲ್ಲಿ 1980ರಲ್ಲಿ ಈ ಹೆಸರು ನೆಲೆಗೊಳ್ಳುವ ಮೊದಲು ಉನ್ಮಾದ ಮತ್ತು ಖಿನ್ನತೆ ಎರಡನ್ನೂ ಹೆಸರಿಸಿಯೇ ಕಾಯಿಲೆಯನ್ನು ಗುರುತಿಸುತ್ತಿದ್ದರು. ಕನ್ನಡದ ಕರಪತ್ರಕ್ಕೆ ಆ ಹಳೆಯ ದಾರಿಯೇ ಒಳ್ಳೆಯದು. ಶೀರ್ಷಿಕೆಯಲ್ಲಿ ‘ಬೈಪೋಲಾರ್ ಕಾಯಿಲೆ’ ಎಂದು ಬರೆದು, ಕೆಲವು ದಿನ ಅಥವಾ ವಾರಗಳ ಕಾಲ ಮಿತಿಮೀರಿದ ಉತ್ಸಾಹ, ನಿದ್ದೆಯ ಅಗತ್ಯವೇ ಕಾಣದ ಚಟುವಟಿಕೆ, ಇನ್ನೊಂದು ಕಾಲದಲ್ಲಿ ಆಳವಾದ ಖಿನ್ನತೆ ಬರುತ್ತದೆ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು. ಮನೆಯವರು ಗುರುತಿಸುವುದು ಆ ಎರಡು ಸ್ಥಿತಿಗಳನ್ನು, ಧ್ರುವಗಳನ್ನಲ್ಲ.

‘ಡಿಪ್ಲೋಪಿಯಾ’ಗೆ ದ್ವಿದೃಷ್ಟಿ ಎಂಬುದು ತರಗತಿಗೆ ಸಾಕು. ರೋಗಿಗಳು ಹೇಳುವುದು ‘ಒಂದು ಎರಡೆರಡಾಗಿ ಕಾಣ್ತೈತಿ’ ಎಂದು; ಈ ‘ಎರಡೆರಡಾಗಿ’ ಎಂಬ ದ್ವಿರುಕ್ತಿಯನ್ನು ಕರಪತ್ರದಲ್ಲೂ ಹಾಗೆಯೇ ಉಳಿಸಿಕೊಳ್ಳಬೇಕು. ಅದರ ಜೊತೆಗೆ ಒಂದು ಕಣ್ಣು ಮುಚ್ಚಿದಾಗ ತೊಂದರೆ ಹೋಗುತ್ತದೆಯೇ ಎಂದು ನೋಡಿಕೊಳ್ಳಲು ಬರೆಯಬೇಕು. ಒಂದೇ ಕಣ್ಣಿನಲ್ಲೂ ಎರಡೆರಡಾಗಿ ಕಂಡರೆ ಕಾರಣ ಹೆಚ್ಚಾಗಿ ಆ ಕಣ್ಣಿನಲ್ಲೇ ಇರುತ್ತದೆ, ಪೊರೆಯೂ ಆಗಿರಬಹುದು. ಎರಡೂ ಕಣ್ಣು ತೆರೆದಾಗ ಮಾತ್ರ ಇದ್ದಕ್ಕಿದ್ದಂತೆ ಹಾಗಾದರೆ ಅದು ಕಣ್ಣಿನ ಸ್ನಾಯುವಿನ, ನರದ ಅಥವಾ ಮಿದುಳಿನ ತೊಂದರೆಯ ಸೂಚನೆ ಆಗಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೈಫೋಕಲ್ ಕನ್ನಡಕಕ್ಕೆ ‘ದ್ವಿನಾಭಿ’ ಎನ್ನುವುದು ಬೇಡ. ಕನ್ನಡಕದ ಅಂಗಡಿಯಲ್ಲಿ ನಡೆಯುವ ಮಾತೇ ಸಾಕು.

ಕಾಲದ ಲೆಕ್ಕ

ಕಾಲವನ್ನು ಎಣಿಸುವ ‘ಬೈ’ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಇಂಗ್ಲಿಷಿನಲ್ಲೇ ಅದು ಗೊಂದಲ. ‘ಬೈವೀಕ್ಲಿ’ ಎಂಬುದನ್ನು ವಾರಕ್ಕೆ ಎರಡು ಸಲ ಎಂದೂ ಎರಡು ವಾರಕ್ಕೊಮ್ಮೆ ಎಂದೂ ಬಳಸುತ್ತಾರೆ. ಅಂಥದನ್ನು ಅನುವಾದಿಸುವ ಮೊದಲು ಬರೆದವರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ದ್ವೈವಾರ್ಷಿಕ’ ಎಂಬುದನ್ನು ಎರಡು ವರ್ಷದ ಅವಧಿಗೆ ಮಾತ್ರ ಮೀಸಲಿಡುವುದು ಒಳ್ಳೆಯದು. ಚಿತ್ರದುರ್ಗದ ಈರುಳ್ಳಿ ಈ ಅರ್ಥದಲ್ಲಿ ದ್ವೈವಾರ್ಷಿಕ ಸಸ್ಯ: ಮೊದಲ ಹಂಗಾಮಿನಲ್ಲಿ ಗಡ್ಡೆ ಕಟ್ಟುತ್ತದೆ, ಆ ಗಡ್ಡೆಯನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ನೆಟ್ಟಾಗ ಹೂಗೊಂಚಲು ಬಿಟ್ಟು ಬೀಜ ಕೊಡುತ್ತದೆ. ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ ಹಣ್ಣು ಬಿಡುವ ಮಾವಿನ ಗುಣ ಬೇರೆ. ಅದಕ್ಕೆ ‘ವರ್ಷ ಬಿಟ್ಟು ವರ್ಷ ಫಲ’ ಎಂಬ ತೋಟದವರ ಮಾತೇ ಇದೆ. ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುವಂಥ, ವರ್ಷದಲ್ಲಿ ಎರಡು ಸಲ ನಡೆಯುವ ಕಾರ್ಯಕ್ರಮವನ್ನು ದ್ವೈವಾರ್ಷಿಕ ಎಂದೂ ಬರೆಯಬಾರದು, ಅರ್ಧವಾರ್ಷಿಕ ಎಂದೂ ಬರೆಯಬೇಕಿಲ್ಲ. ‘ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಆಗಸ್ಟಿನಲ್ಲಿ’ ಎಂದು ತಿಂಗಳ ಹೆಸರಿನೊಂದಿಗೆ ಬರೆದರೆ ಅಂಗನವಾಡಿಯ ಗೋಡೆಯ ಮೇಲೆ ಅದನ್ನು ಓದಿದ ತಾಯಿಗೆ ಮಗುವನ್ನು ಯಾವಾಗ ಕರೆತರಬೇಕೆಂದು ತಿಳಿಯುತ್ತದೆ.